ಪ್ಯಾಕ್‌ಮ್ಯಾನ್‌ಗೆ ಹುಲಿಯ ನಿಯಮ, ಕಾಂಟ್ರಾಗೆ ಒಂದು ಹಗ್ಗ

ನಮಸ್ಕಾರ ಕೇಳುಗರೇ. ಇವತ್ತು ಎರಡು ಹೊಸ ವಿಡಿಯೋ ಗೇಮ್‌ಗಳ ಸುದ್ದಿ ತಂದಿದ್ದೇನೆ. ಅಂಗಡಿಯಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಪ್ಲೇ ಸ್ಟೋರ್‌ನಲ್ಲೂ ಇಲ್ಲ. ಸದ್ಯಕ್ಕೆ ಇವು ಇರುವುದು ನನ್ನ ನೋಟ್‌ಬುಕ್ಕಿನಲ್ಲಿ, ಒಂದಿಷ್ಟು ಗ್ರಾಫ್ ಹಾಳೆಗಳ ಮೇಲೆ, ಮತ್ತೆ ಕಂಪ್ಯೂಟರಿನಲ್ಲಿ ಅರೆಬರೆ ಓಡುವ ಡೆಮೊ ರೂಪದಲ್ಲಿ. ಒಂದು ಪ್ಯಾಕ್‌ಮ್ಯಾನ್ ಮೇಲೆ ಕಟ್ಟಿದ್ದು, ಅಂದರೆ ಹಳದಿ ಮುದ್ದೆಯೊಂದು ಭೂತಗಳಿಂದ ತಪ್ಪಿಸಿಕೊಳ್ಳುತ್ತಾ ಚಕ್ರವ್ಯೂಹದಲ್ಲಿ ಚುಕ್ಕಿ ತಿನ್ನುವ ಹಳೇ ಆಟ. ಇನ್ನೊಂದು ಕಾಂಟ್ರಾ ಮೇಲೆ, ಅದು ಸೈನಿಕರು ಓಡುತ್ತಾ ಜಿಗಿಯುತ್ತಾ ಗುಂಡು ಹೊಡೆಯುವ ಆಟ. ಎರಡರ ಹಕ್ಕೂ ನನ್ನದಲ್ಲ. ಮಾಡು ಅಂತ ಆ ಕಂಪನಿಗಳು ನನಗೆ ಹೇಳಿಯೂ ಇಲ್ಲ. ಇಂಥದ್ದಕ್ಕೆ ಫ್ಯಾನ್ ಗೇಮ್ ಅನ್ನುತ್ತಾರೆ. ತಮಗಿಷ್ಟವಾದ ಆಟವನ್ನು ಹಿಡಿದುಕೊಂಡು, ದುಡ್ಡಿನ ಆಸೆ ಇಲ್ಲದೆ, ಇದು ಹೀಗಿದ್ದಿದ್ದರೆ ಹೇಗಿರುತ್ತಿತ್ತು ಅಂತ ಅಭಿಮಾನಿಗಳೇ ಕೂತು ಮಾಡುವ ಆಟ.

ಫ್ಯಾನ್ ಗೇಮ್‌ಗಳ ಘೋಷಣೆ ಇಂಟರ್ನೆಟ್ಟಿನಲ್ಲಿ ದಿನಾ ಬರುತ್ತಿರುತ್ತದೆ. ಬಹುಪಾಲು ಎಲ್ಲದರದ್ದೂ ಒಂದೇ ಕಥೆ. ದೊಡ್ಡ ಹೆಸರು, ಚಂದದ ಪೋಸ್ಟರ್, ಉದ್ದುದ್ದ ಪಾತ್ರಗಳ ಪಟ್ಟಿ, ಮೂರು ತಲೆಮಾರಿನ ದ್ವೇಷದ ಕಥೆ. ಪೂರ್ತಿ ಓದಿ ಮುಗಿಸಿದರೂ ಒಂದು ವಿಷಯ ಮಾತ್ರ ಗೊತ್ತಾಗುವುದಿಲ್ಲ. ಆಡುವವರು ಕೈಯಲ್ಲಿ ಏನು ಮಾಡಬೇಕು? ಬಟನ್ ಒತ್ತಿದರೆ ಏನಾಗುತ್ತದೆ? ನನ್ನ ಮಟ್ಟಿಗೆ ಕಾನ್ಸೆಪ್ಟ್ ಅಂದರೆ ಅಷ್ಟೇ. ಹಳೆಯ ಆಟದ ಒಂದು ನಿಯಮ ಬದಲಾಯಿಸಬೇಕು, ಅದರಿಂದ ಆಡುವವರ ತಲೆ ಬೇರೆ ಥರ ಓಡಬೇಕು. ತಲೆ ಹಳೇ ದಾರಿಯಲ್ಲೇ ಓಡುತ್ತಿದ್ದರೆ ಅದು ಅಂಗಿ ಬದಲಾಯಿಸಿದ ಹಳೇ ಆಟ.

ಇದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಮಿಸ್ ಪ್ಯಾಕ್‌ಮ್ಯಾನ್. ಅಮೆರಿಕದಲ್ಲಿ ಎಂಐಟಿಯಲ್ಲಿ ಓದುತ್ತಿದ್ದ ಕೆಲವು ಹುಡುಗರು ಕ್ಯಾಂಪಸ್ಸಿನಲ್ಲಿ ಆರ್ಕೇಡ್ ಮಷೀನುಗಳನ್ನು ಇಟ್ಟು ನಡೆಸುತ್ತಿದ್ದರು. ಜನ ಒಂದೇ ಆಟ ಆಡಿ ಆಡಿ ಬೇಜಾರಾಗಿ ನಾಣ್ಯ ಹಾಕುವುದನ್ನು ನಿಲ್ಲಿಸುತ್ತಿದ್ದರು. ಹೊಸ ಮಷೀನ್ ತರುವಷ್ಟು ದುಡ್ಡು ಎಲ್ಲಿಂದ ಬರಬೇಕು? ಹಾಗಾಗಿ ಹಳೇ ಮಷೀನಿಗೇ ಒಂದು ಸರ್ಕ್ಯೂಟ್ ಬೋರ್ಡ್ ಸೇರಿಸಿ ಆಟವನ್ನು ಬದಲಾಯಿಸುವ ಕೆಲಸಕ್ಕೆ ಇಳಿದರು. ಮೊದಲು ಅಟಾರಿಯ ಮಿಸೈಲ್ ಕಮಾಂಡ್ ಆಟಕ್ಕೆ ಹಾಗೆ ಮಾಡಿದರು. ಅಟಾರಿ ಕೋರ್ಟಿಗೆ ಎಳೆಯಿತು, ಕೊನೆಗೆ ರಾಜಿಯಾಯಿತು. ಆಮೇಲೆ ಪ್ಯಾಕ್‌ಮ್ಯಾನ್‌ಗೆ ಮಾಡಿಟ್ಟಿದ್ದ ತಮ್ಮ ಇನ್ನೊಂದು ಬೋರ್ಡನ್ನು ಸೀದಾ ಅಮೆರಿಕದಲ್ಲಿ ಪ್ಯಾಕ್‌ಮ್ಯಾನ್ ಮಾರುತ್ತಿದ್ದ ಮಿಡ್‌ವೇ ಕಂಪನಿಗೆ ತೋರಿಸಿದರು. ಕ್ರೇಜಿ ಒಟ್ಟೊ ಅಂತ ಅದರ ಹೆಸರು. ಅದೇ 1982ರಲ್ಲಿ ಮಿಸ್ ಪ್ಯಾಕ್‌ಮ್ಯಾನ್ ಆಗಿ ಹೊರಬಂತು.

ಅವರು ಏನು ಬದಲಾಯಿಸಿದ್ದು ಗೊತ್ತಾ? ತಲೆ ಮೇಲಿನ ರಿಬ್ಬನ್ ಎಲ್ಲರಿಗೂ ಕಾಣುತ್ತದೆ. ಅದು ಮುಖ್ಯ ಅಲ್ಲ. ಮೂಲ ಪ್ಯಾಕ್‌ಮ್ಯಾನ್‌ನಲ್ಲಿ ಭೂತಗಳು ಲೆಕ್ಕ ತಪ್ಪದೆ ನಡೆಯುತ್ತವೆ. ನೀವು ಪ್ರತಿ ಸಲ ಒಂದೇ ದಾರಿ ಹಿಡಿದರೆ ಅವೂ ಪ್ರತಿ ಸಲ ಒಂದೇ ದಾರಿ ಹಿಡಿಯುತ್ತವೆ. ಹಾಗಾಗಿ ಜಾಣರು ದಾರಿಯನ್ನೇ ಬಾಯಿಪಾಠ ಮಾಡಿಕೊಂಡು ಒಂದೇ ನಾಣ್ಯದಲ್ಲಿ ಗಂಟೆಗಟ್ಟಲೆ ಆಡುತ್ತಿದ್ದರು. ಈ ಹುಡುಗರು ಭೂತಗಳ ನಡೆಯಲ್ಲಿ ಸ್ವಲ್ಪ ಯದ್ವಾತದ್ವಾ ಸೇರಿಸಿದರು. ಒಂದಿದ್ದ ಚಕ್ರವ್ಯೂಹ ನಾಲ್ಕಾಯಿತು. ಒಂದು ಕಡೆ ಸುಮ್ನೆ ಕೂತಿರುತ್ತಿದ್ದ ಹಣ್ಣು ಓಣಿಯಲ್ಲಿ ಓಡಾಡತೊಡಗಿತು. ಬಾಯಿಪಾಠ ಅಲ್ಲಿಗೆ ಮುಗಿಯಿತು. ಕಣ್ಣಿಟ್ಟು ನೋಡಿ ಆಡಲೇಬೇಕು.

ಇನ್ನೂ ಎರಡು ಹೇಳಿ ಮುಂದಕ್ಕೆ ಹೋಗುತ್ತೇನೆ. 2010ರಲ್ಲಿ ಸೂಪರ್ ಮಾರಿಯೋ ಬ್ರದರ್ಸ್ ಕ್ರಾಸೋವರ್ ಅಂತ ಬ್ರೌಸರ್‌ನಲ್ಲೇ ಆಡುವ ಆಟ ಬಂತು. ಸ್ಟೇಜ್‌ಗಳೆಲ್ಲ ಅದೇ ಹಳೇ ಮಾರಿಯೋದವು. ಆದರೆ ಓಡುವವರು ಬೇರೆ ಆಟದವರು: ಮೆಗಾಮ್ಯಾನ್, ಸಾಮಸ್, ಕಾಂಟ್ರಾದ ಸೈನಿಕ ಕೂಡ. ಪ್ರತಿಯೊಬ್ಬರಿಗೂ ಅವರವರ ಆಟದ ಜಿಗಿತ, ಅವರವರ ಆಯುಧ. ನಿದ್ದೆಗಣ್ಣಲ್ಲೂ ಆಡುವಂಥ ಮೊದಲ ಸ್ಟೇಜು ಕೈಗೆ ಪೂರ್ತಿ ಹೊಸದು. ಇನ್ನೊಂದು 2012ರ ಮಾರಿ-ಜೀರೋ. ಮಾರಿಯೋ ಕೈಗೆ ಪೋರ್ಟಲ್ ಆಟದ ಗನ್ ಕೊಟ್ಟರು. ಇಲ್ಲೊಂದು ತೂತು, ಅಲ್ಲೊಂದು ತೂತು, ಈ ಕಡೆ ಹೊಕ್ಕು ಆ ಕಡೆ ಬರುವುದು. ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ, ಕೇಳಿದ ಕೂಡಲೇ ನಿಮಗೂ ಆಡಬೇಕು ಅನಿಸಿತು, ಅಲ್ವಾ?

ಈಗ ನನ್ನವು.

ಮೊದಲನೆಯದರ ಹೆಸರು ಹುಲಿ ಕಟ್ಟು. ನಮ್ಮ ಆಡು ಹುಲಿ ಆಟ ನಿಮಗೆ ಗೊತ್ತಿರಬಹುದು. ಹಳೇ ದೇವಸ್ಥಾನಗಳ ಜಗುಲಿ ಕಲ್ಲಿನ ಮೇಲೆ, ಮಂಟಪದ ಹಾಸಿನ ಮೇಲೆ ಅದರ ಗೆರೆ ಕೊರೆದಿರುವುದನ್ನು ನೋಡಿರುತ್ತೀರಿ. ಹುಲಿ ಕಡಿಮೆ, ಆಡು ಜಾಸ್ತಿ. ಹುಲಿ ಆಡಿನ ಮೇಲಿಂದ ಹಾರಿ ತಿನ್ನುತ್ತದೆ, ಆದರೆ ಆಡಿನ ಹಿಂದಿನ ಜಾಗ ಖಾಲಿ ಇದ್ದರೆ ಮಾತ್ರ. ಆಡಿಗೆ ಹಲ್ಲಿಲ್ಲ, ಉಗುರಿಲ್ಲ. ಅದು ಗೆಲ್ಲುವುದು ಹುಲಿಗೆ ಅಲ್ಲಾಡಲು ಜಾಗ ಇಲ್ಲದ ಹಾಗೆ ಕಟ್ಟಿಹಾಕಿ. ಈ ನಿಯಮವನ್ನು ನಾನು ಪ್ಯಾಕ್‌ಮ್ಯಾನ್ ಒಳಗೆ ಇಳಿಸಿದ್ದೇನೆ. ಪ್ಯಾಕ್‌ಮ್ಯಾನ್ ಹುಲಿ. ನೀವು ಭೂತ. ಒಂದಲ್ಲ, ನಾಲ್ಕೂ ನೀವೇ.

ಭೂತವಾಗಿ ಆಡುವುದೇನೂ ಹೊಸದಲ್ಲ, 2003ರಲ್ಲೇ ಪ್ಯಾಕ್‌ಮ್ಯಾನ್ ವರ್ಸಸ್ ಅಂತ ಬಂದಿತ್ತು, ಅದರಲ್ಲಿ ಒಬ್ಬರು ಪ್ಯಾಕ್‌ಮ್ಯಾನ್ ಆಗಿ ಓಡುತ್ತಿದ್ದರೆ ಉಳಿದವರು ಭೂತವಾಗಿ ಅಟ್ಟಿಸಿಕೊಂಡು ಹೋಗುತ್ತಿದ್ದರು. ನನ್ನದರಲ್ಲಿ ಅಟ್ಟಿಸಿಕೊಂಡು ಹೋಗಿ ಮುಟ್ಟಿದರೆ ಏನೂ ಆಗುವುದಿಲ್ಲ. ಭೂತ ಅಂದರೆ ನಡೆದಾಡುವ ಗೋಡೆ, ಅಷ್ಟೇ. ಎದುರು ಸಿಕ್ಕರೆ ಪ್ಯಾಕ್‌ಮ್ಯಾನ್ ತಿರುಗಿಕೊಂಡು ಹೋಗುತ್ತಾನೆ. ಅವನಿರುವ ಓಣಿಯ ಎರಡೂ ತುದಿ ಮುಚ್ಚಿ, ಮೂರು ಎಣಿಸುವಷ್ಟು ಹೊತ್ತು ಹಿಡಿದಿಟ್ಟರೆ ನೀವು ಗೆದ್ದಿರಿ. ಅಷ್ಟರೊಳಗೆ ಅವನು 240 ಚಿಕ್ಕ ಚುಕ್ಕಿ, 4 ದೊಡ್ಡ ಚುಕ್ಕಿ ತಿಂದು ಮುಗಿಸಿದರೆ ಸೋತಿರಿ.

ಮಜಾ ಇರುವುದು ಇಲ್ಲಿ. ನಾಲ್ಕು ಭೂತಗಳಲ್ಲಿ ಒಂದು ಹೊತ್ತಿಗೆ ಒಂದೇ ನಿಮ್ಮ ಕೈಯಲ್ಲಿರುತ್ತದೆ. ಬಟನ್ ಒತ್ತಿದರೆ ಇನ್ನೊಂದಕ್ಕೆ ದಾಟಬಹುದು. ಉಳಿದ ಮೂರು, 1980ರ ಮೂಲ ಆಟದಲ್ಲಿ ತೋರು ಇವಾತಾನಿ ತಂಡ ಕೊಟ್ಟ ಸ್ವಭಾವದ ಪ್ರಕಾರವೇ ನಡೆಯುತ್ತಿರುತ್ತವೆ. ನಾಲ್ಕಕ್ಕೂ ಬೇರೆ ಬೇರೆ ಸ್ವಭಾವ ಇದೆ ಅಂತ ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಕೆಂಪು ಬ್ಲಿಂಕಿ ನೇರವಾಗಿ ಬೆನ್ನು ಹತ್ತುತ್ತದೆ. ಪಿಂಕಿ ಪ್ಯಾಕ್‌ಮ್ಯಾನ್ ಮುಖ ಮಾಡಿದ ಕಡೆ 4 ಚೌಕ ಮುಂದಕ್ಕೆ ಗುರಿ ಇಡುತ್ತದೆ. ಇಂಕಿಯ ಗುರಿ ಬ್ಲಿಂಕಿ ಎಲ್ಲಿದೆ ಅನ್ನುವುದರ ಮೇಲೆ ನಿಂತಿದೆ. ಕಿತ್ತಳೆ ಬಣ್ಣದ ಕ್ಲೈಡ್ ಒಬ್ಬ ವಿಚಿತ್ರ ಮನುಷ್ಯ. ದೂರ ಇದ್ದಾಗ ಜೋರಾಗಿ ಅಟ್ಟಿಸಿಕೊಂಡು ಬರುತ್ತಾನೆ, 8 ಚೌಕದೊಳಗೆ ಬಂದ ಕೂಡಲೇ ಧೈರ್ಯ ಸಾಲದೆ ಎಡಗಡೆ ಕೆಳಮೂಲೆಗೆ ಹೊರಟುಬಿಡುತ್ತಾನೆ. ಭೂತಗಳು ನಡು ಓಣಿಯಲ್ಲಿ ಬೇಕೆಂದಾಗ ಹಿಂದಕ್ಕೆ ತಿರುಗುವ ಹಾಗೂ ಇಲ್ಲ. ಅದನ್ನೂ ನಾನು ಹಾಗೇ ಉಳಿಸಿಕೊಂಡಿದ್ದೇನೆ, ನಿಮ್ಮ ಕೈಯಲ್ಲಿರುವ ಭೂತಕ್ಕೂ ಅದೇ ನಿಯಮ.

ಈಗ ಒಂದು ಸಂದರ್ಭ ನೋಡಿ. ಪ್ಯಾಕ್‌ಮ್ಯಾನ್ ಎಡಗಡೆ ಕೆಳಮೂಲೆಯಲ್ಲಿ ಚುಕ್ಕಿ ತಿನ್ನುತ್ತಿದ್ದಾನೆ. ಬಲದಿಂದ ಬ್ಲಿಂಕಿ ಬರುತ್ತಿದೆ, ಅದನ್ನು ನೀವು ಮುಟ್ಟುವುದೇ ಬೇಡ, ಹೇಗೂ ಬೆನ್ನು ಬಿಡುವುದಿಲ್ಲ. ಮೇಲಿನ ದಾರಿ ಮುಚ್ಚಬೇಕು. ಹತ್ತಿರ ಇರುವುದು ಕ್ಲೈಡ್, ಅವನೋ ಪುಕ್ಕಲ, ಈಗ ಓಡಿಹೋಗುತ್ತಾನೆ. ಓಡಿಹೋಗುವುದೆಲ್ಲಿಗೆ? ಎಡಗಡೆ ಕೆಳಮೂಲೆಗೆ! ಅಂದರೆ ಹೆದರಿ ಓಡುವವನೇ ಬಂದು ದಾರಿ ಮುಚ್ಚುತ್ತಾನೆ. ಇದು ಗೊತ್ತಿದ್ದವರು ಕ್ಲೈಡ್‌ನನ್ನು ಅವನ ಪಾಡಿಗೆ ಬಿಟ್ಟು ಪಿಂಕಿಯನ್ನು ಕೈಗೆ ತೆಗೆದುಕೊಳ್ಳುತ್ತಾರೆ. ಯಾಕೆಂದರೆ ಆ ಮೂಲೆಯ ಹತ್ತಿರ ಒಂದು ದೊಡ್ಡ ಚುಕ್ಕಿ ಇದೆ. ಅದನ್ನು ತಿಂದರೆ ಪ್ಯಾಕ್‌ಮ್ಯಾನ್ ಕೆಲವು ಸೆಕೆಂಡ್ ನಿಜವಾದ ಹುಲಿಯಾಗುತ್ತಾನೆ, ಭೂತದ ಮೇಲಿಂದ ಹಾರಿ ತಿನ್ನುತ್ತಾನೆ. ಆದರೆ ಹಿಂದೆ ಖಾಲಿ ಇದ್ದರೆ ಮಾತ್ರ! ಕ್ಲೈಡ್ ಬೆನ್ನಿಗೆ ಪಿಂಕಿಯನ್ನು ಅಂಟಿಸಿ ನಿಲ್ಲಿಸಿದರೆ ಹುಲಿ ಹಾರುವುದಕ್ಕೆ ಆಗುವುದಿಲ್ಲ. ಈ ಒಂದು ಕ್ಷಣಕ್ಕಾಗಿಯೇ ನಾನು ಇಡೀ ಆಟ ಮಾಡುತ್ತಿರುವುದು ಅಂದರೂ ತಪ್ಪಿಲ್ಲ.

ಇದನ್ನು ಕೋಡ್ ಬರೆಯುವ ಮೊದಲು ಗ್ರಾಫ್ ಹಾಳೆಯ ಮೇಲೆ ಚಕ್ರವ್ಯೂಹ ಬರೆದು, ಹುಣಸೆ ಬೀಜ ಇಟ್ಟು, ಅಕ್ಕನ ಮಗನ ಜೊತೆ ಆಡಿ ನೋಡಿದೆ. ಅವನು ಹುಲಿ. ಜೋಡಿ ಭೂತದ ಉಪಾಯ ಅವನಿಗೆ ಹೊಳೆದ ಮೇಲೆ ಅವನು ಮಾಡಿದ್ದು ಒಂದೇ, ದೊಡ್ಡ ಚುಕ್ಕಿಯನ್ನು ತಿನ್ನದೆ ಕೊನೆಯವರೆಗೂ ಉಳಿಸಿಕೊಂಡ. ಕಳ್ಳ! ಕಂಪ್ಯೂಟರ್ ಪ್ಯಾಕ್‌ಮ್ಯಾನ್‌ಗೂ ಈಗ ಅದೇ ಬುದ್ಧಿ ಕಲಿಸಿದ್ದೇನೆ. ನಿಮಗೂ ಕಾನ್ಸೆಪ್ಟ್ ಹೊಳೆದಿದ್ದರೆ ಮೊದಲು ಹೀಗೆ ಹಾಳೆ ಮೇಲೆ ಆಡಿ. ಆಮೇಲೆ ಮಕ್ಕಳಾದರೆ ಸ್ಕ್ರ್ಯಾಚ್, ದೊಡ್ಡವರಾದರೆ ಗೋಡೋ. ಎರಡೂ ಗೇಮ್ ಕಟ್ಟುವ ಸಾಫ್ಟ್‌ವೇರ್, ಎರಡೂ ಪುಕ್ಕಟೆ.

ಎರಡನೆಯದು ಚಿಕ್ಕದು, ಬೇಗ ಹೇಳುತ್ತೇನೆ. ಹೆಸರು ಹಗ್ಗ ಕಾಂಟ್ರಾ. ತೊಂಬತ್ತರ ದಶಕದಲ್ಲಿ ಟಿವಿಗೆ ಸಿಗಿಸುವ ಕ್ಯಾಸೆಟ್ ಗೇಮ್ ಆಡಿದವರಿಗೆ ಕಾಂಟ್ರಾ ಪರಿಚಯ ಮಾಡಿಕೊಡುವುದು ಬೇಕಿಲ್ಲ. ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ, 30 ಲೈಫ್. ಇಬ್ಬರು ಸೇರಿ ಆಡುವಾಗ ಮೂರನೇ ಸ್ಟೇಜ್, ಆ ಜಲಪಾತ, ನೆನಪಿದೆಯಾ? ಮೇಲೆ ಮೇಲೆ ಹತ್ತಬೇಕು. ಒಬ್ಬ ಬೇಗ ಬೇಗ ಜಿಗಿದರೆ ಸ್ಕ್ರೀನ್ ಅವನ ಜೊತೆ ಮೇಲಕ್ಕೆ ಹೋಗುತ್ತದೆ, ಕೆಳಗಿದ್ದವನು ಸತ್ತ. "ನಿಲ್ಲೋ, ನಿಲ್ಲೋ ಲೋ" ಅಂತ ಕಿರುಚದ ತಮ್ಮಂದಿರು ಯಾರಿದ್ದಾರೆ? ನನ್ನ ನಿಯಮ ಇಷ್ಟೇ: ಇಬ್ಬರ ಸೊಂಟಕ್ಕೂ ಒಂದೇ ಹಗ್ಗ. ಉದ್ದ ಅರ್ಧ ಸ್ಕ್ರೀನ್. ಈಗ ಅಣ್ಣ ತಮ್ಮನನ್ನು ಬಿಟ್ಟು ಹೋಗುವ ಹಾಗೇ ಇಲ್ಲ. ಒಬ್ಬ ಕೆಳಗಿನ ಬಟನ್ ಒತ್ತಿ ಗಟ್ಟಿಯಾಗಿ ಕೂತರೆ ಇನ್ನೊಬ್ಬ ನೇತಾಡಿಕೊಂಡು ತೂಗಿ, ಜಿಗಿದರೆ ಸಿಗದ ಜಾಗಕ್ಕೆ ಹೋಗಬಹುದು. ಎಸ್ ಗನ್, ಅಂದರೆ ಒಂದೇ ಸಲಕ್ಕೆ ಹಲವು ಗುಂಡು ಚೆಲ್ಲುವ ಗನ್, ಇದ್ದವನು ನೇತಾಡುತ್ತಾ ಗುಂಡು ಹೊಡೆದರೆ ಆ ಧಕ್ಕೆಗೆ ಹಿಂದಕ್ಕೆ ತೂಗುತ್ತಾನೆ, ಅಂದರೆ ಗನ್ನೇ ಜೋಕಾಲಿ ತಳ್ಳುವ ಕೈ. ಸತ್ತವನು ಮಾಯವಾಗುವುದಿಲ್ಲ, ಹಗ್ಗದ ತುದಿಯಲ್ಲಿ ಭಾರವಾಗಿ ನೇತಾಡುತ್ತಾನೆ. ಅವನನ್ನು ಮೇಲೆಳೆದು ನೆಲ ಮುಟ್ಟಿಸಿದರೆ ಎದ್ದುಕೊಳ್ಳುತ್ತಾನೆ. ಎಳೆಯುವಾಗ ಗುಂಡು ಹೊಡೆಯಲು ಆಗುವುದಿಲ್ಲ. ಅಣ್ಣ ಎಳೆಯುತ್ತಾನೋ, ಹಾಗೇ ಹೊತ್ತುಕೊಂಡು ಹೋಗುತ್ತಾನೋ, ಅದು ಅವರವರ ಮನೆ ವಿಚಾರ.

ಕಂಪನಿಗಳು ಸುಮ್ಮನಿರುತ್ತವೆಯಾ ಅಂತ ನೀವು ಕೇಳಬಹುದು. ಹೇಳಲಾಗದು. 2016ರ ಆಗಸ್ಟ್‌ನಲ್ಲಿ ಎಎಂ2ಆರ್ ಅನ್ನುವ ಆಟ ಬಂತು. 1991ರ ಮೆಟ್ರಾಯ್ಡ್ 2 ಆಟವನ್ನು ಅರ್ಜೆಂಟೀನಾದ ಮಿಲ್ಟನ್ ಗ್ವಾಸ್ತಿ ವರ್ಷಗಟ್ಟಲೆ ಕೂತು ಹೊಸದಾಗಿ ಕಟ್ಟಿದ್ದರು. ಆಡಿದವರು ಹೊಗಳಿದ್ದೇ ಹೊಗಳಿದ್ದು. ಕೆಲವೇ ದಿನದಲ್ಲಿ ಮೆಟ್ರಾಯ್ಡ್ ಹಕ್ಕಿರುವ ನಿಂಟೆಂಡೊ ಅದನ್ನು ಇಂಟರ್ನೆಟ್ಟಿನಿಂದ ತೆಗೆಸಿತು. ಮುಂದಿನ ವರ್ಷ ಅದೇ ಆಟದ ತನ್ನ ಹೊಸ ರೂಪವನ್ನು ತಾನೇ ಹೊರತಂದಿತು. ಗ್ವಾಸ್ತಿಗೆ ಆಮೇಲೆ ಓರಿ ಸರಣಿಯ ಎರಡನೇ ಆಟದಲ್ಲಿ ಲೆವೆಲ್ ಡಿಸೈನರ್ ಕೆಲಸ ಸಿಕ್ಕಿತು ಅನ್ನುವುದೊಂದು ಸಮಾಧಾನ. ಸೋನಿಕ್ ಆಟದ ಕಂಪನಿ ಸೆಗಾದ ದಾರಿ ಬೇರೆ. ಸೋನಿಕ್ ಅಭಿಮಾನಿಗಳು 2000ದಿಂದಲೇ ಆನ್‌ಲೈನ್‌ನಲ್ಲಿ ತಮ್ಮ ಡೆಮೊಗಳ ಮೇಳ ನಡೆಸುತ್ತಾರೆ, ಸೇಜ್ ಅಂತ. ಸೋನಿಕ್ ಫ್ಯಾನ್ ಗೇಮ್ ಮಾಡುತ್ತಿದ್ದ ಕ್ರಿಶ್ಚಿಯನ್ ವೈಟ್‌ಹೆಡ್ ಅವರನ್ನೇ ಸೆಗಾ ಕರೆದು ಕೆಲಸ ಕೊಟ್ಟಿತು, 2017ರ ಸೋನಿಕ್ ಮೇನಿಯಾ ಬಂದದ್ದು ಹಾಗೆ. ಕ್ಯಾಪ್ಕಾಮ್ ಕಂಪನಿ ಕೂಡ 2012ರಲ್ಲಿ ಸಿಂಗಾಪುರದ ಅಭಿಮಾನಿಯೊಬ್ಬರು ಮಾಡಿದ ಸ್ಟ್ರೀಟ್ ಫೈಟರ್, ಮೆಗಾಮ್ಯಾನ್ ಕೂಡಿಸಿದ ಆಟವನ್ನು ತಾನೇ ಪುಕ್ಕಟೆ ಹಂಚಿತು.

ನಮ್ಮ ಹುಡುಗರು ಬಸ್ ಸ್ಟ್ಯಾಂಡಿನಲ್ಲಿ, ಹಾಸ್ಟೆಲ್ಲಿನಲ್ಲಿ ಕೂತು ಆಡಿದ ಪಬ್‌ಜಿಯ ಬೇರೂ ಇಲ್ಲೇ ಇದೆ. ಬ್ರೆಂಡನ್ ಗ್ರೀನ್ ಅನ್ನುವವರು ಆರ್ಮಾ ಅನ್ನುವ ಯುದ್ಧದ ಆಟಕ್ಕೆ ಹವ್ಯಾಸಕ್ಕೆ ಅಂತ ಮಾಡಿದ "ಮಾಡ್" ಆ ಬೇರು, ಅಂದರೆ ಇರುವ ಆಟವನ್ನೇ ಆಡುವವರು ಬದಲಾಯಿಸಿಕೊಂಡ ರೂಪ. ನಿಯಮ ಗಟ್ಟಿ ಇದ್ದಿದ್ದರಿಂದ ಮೂಲ ಆಟವನ್ನು ಬಿಟ್ಟು ಬೇರೆಯಾಗಿ ನಿಂತಿತು. ಕಾಪಿರೈಟ್ ಇರುವುದು ಚಿತ್ರಕ್ಕೆ, ಸಂಗೀತಕ್ಕೆ, ಕೋಡ್‌ಗೆ, ಪಾತ್ರಕ್ಕೆ. ಆಡುವ ನಿಯಮಕ್ಕೆ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ನಾಳೆ ನನಗೂ ನೋಟಿಸ್ ಬಂದರೆ ಹಳದಿ ಮುದ್ದೆಯನ್ನು ತೆಗೆದು ಹುಲಿ ಹಾಕುತ್ತೇನೆ, ಭೂತ ತೆಗೆದು ಆಡು ಹಾಕುತ್ತೇನೆ, ಚಕ್ರವ್ಯೂಹವನ್ನು ಬೇರೆ ಬರೆಯುತ್ತೇನೆ. ಕ್ಲೈಡ್ ಹೋಗುತ್ತಾನಲ್ಲ ಅಂತ ಬೇಜಾರಿದೆ. ಒಂದು ಪುಕ್ಕಲ ಆಡು ಮಾಡಿಕೊಂಡರಾಯಿತು. ಬೇಡದ ಒಂದೇ ಕೆಲಸ ಅಂದರೆ ಬೇರೆಯವರ ಪಾತ್ರ ಇಟ್ಟುಕೊಂಡು ದುಡ್ಡು ಕೇಳುವುದು. ಅದನ್ನು ಯಾರೂ ಮಾಡಬೇಡಿ.

ಹುಲಿ ಕಟ್ಟಿನ ಮೊದಲ ಡೆಮೊದಲ್ಲಿ ಒಂದೇ ಚಕ್ರವ್ಯೂಹ ಇರುತ್ತದೆ, ಸೌಂಡ್ ಇರುವುದಿಲ್ಲ, ಕೀಬೋರ್ಡಿನಲ್ಲೇ ಆಡಬೇಕು. ಒಂದು ತೀರ್ಮಾನ ಇನ್ನೂ ಬಾಕಿ ಇದೆ. ಮೂಲ ಆಟದಲ್ಲಿ ಎಡಬಲದಲ್ಲಿ ಸುರಂಗ ಇದೆಯಲ್ಲ, ಈ ಕಡೆ ಹೊಕ್ಕರೆ ಆ ಕಡೆ ಬರುವುದು, ಅದರೊಳಗೆ ಭೂತಗಳು ನಿಧಾನ, ಪ್ಯಾಕ್‌ಮ್ಯಾನ್ ನಿಧಾನ ಅಲ್ಲ. ಕಟ್ಟಿಹಾಕುವುದು ಇನ್ನೇನು ಮುಗಿಯಿತು ಅನ್ನುವಾಗ ಸುರಂಗಕ್ಕೆ ನುಗ್ಗಿ ತಪ್ಪಿಸಿಕೊಳ್ಳುತ್ತಾನೆ. ಮುಚ್ಚಿದರೆ ಆಟ ತೀರಾ ಸುಲಭ, ಬಿಟ್ಟರೆ ಹೊಟ್ಟೆ ಉರಿ. ಸದ್ಯಕ್ಕೆ ಒಂದು ಬದಿ ಮುಚ್ಚಿ ಇಟ್ಟಿದ್ದೇನೆ. ಆಡಿದವರು ಇನ್ನೇನೂ ಹೇಳದಿದ್ದರೂ ಪರವಾಗಿಲ್ಲ, ಸುರಂಗ ಇರಲೋ ಬೇಡವೋ ಅದೊಂದು ಹೇಳಿ.

ನಮಸ್ಕಾರ.