ಲೈಟು ಹಾಕಿದ ಮೇಲೆ

(ಊರಿನ ಚಿತ್ರಸಮಾಜದ ವಾರ್ಷಿಕ ಸಭೆಯಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಇವತ್ತಿನ ಮಾತನ್ನು ನಮ್ಮ ಸೋದರಮಾವನಿಂದಲೇ ಶುರು ಮಾಡಬೇಕು. ನನಗಾಗ ಒಂಬತ್ತೋ ಹತ್ತೋ ವರ್ಷ. ಮಾವನ ಊರಿಗೆ ರಜಕ್ಕೆ ಹೋಗಿದ್ದೆ. ಸುಗ್ಗಿ ಮುಗಿದಿತ್ತು, ಪಕ್ಕದ ಊರಿನ ಬಯಲಿನಲ್ಲಿ ಟೆಂಟು ಎದ್ದಿತ್ತು. ಸಂಜೆ ಮೈಕಿನಲ್ಲಿ ‘ನಮೋ ವೆಂಕಟೇಶ’ ಹಾಕಿದರೆಂದರೆ ಇನ್ನೇನು ಆಟ ಶುರುವಾಗುತ್ತದೆ ಅಂತ ಅರ್ಥ. ಆ ಹಾಡು ಕಿವಿಗೆ ಬಿದ್ದದ್ದೇ ಮಾವ ಸೈಕಲ್ ತೆಗೆದ. ಹಿಂದಿನ ಕ್ಯಾರಿಯರ್ ಮೇಲೆ ನಾನು. ಅವತ್ತಿನ ಸಿನಿಮಾ ‘ಭೂತಯ್ಯನ ಮಗ ಅಯ್ಯು’.

1974ರಲ್ಲಿ ಸಿದ್ದಲಿಂಗಯ್ಯನವರು ಗೊರೂರು ರಾಮಸ್ವಾಮಿ ಅಯ್ಯಂಗಾರರ ಕತೆಯಿಂದ ಮಾಡಿದ ಚಿತ್ರ ಅದು. ಟೆಂಟಿಗೆ ಬರುವ ಹೊತ್ತಿಗೆ ಒಂದೆರಡು ವರ್ಷ ಆಗಿತ್ತು, ಪ್ರಿಂಟಿನ ತುಂಬ ಮಳೆ ಗೀರು. ನಾವು ಕೂತದ್ದು ನೆಲದ ಕ್ಲಾಸಿನಲ್ಲಿ. ಮುಂದಿನವರ ತಲೆ ಅಡ್ಡ ಬಾರದ ಹಾಗೆ ಮರಳನ್ನು ಗುಡ್ಡೆ ಮಾಡಿಕೊಂಡು ಅದರ ಮೇಲೆ ಟವೆಲ್ ಹಾಸಿ ಮಾವ ನನ್ನನ್ನು ಕೂರಿಸಿದ. ಸಿನಿಮಾ ಅರ್ಧ ದಾಟಿದ ಮೇಲೆ ಎಲ್ಲೋ ನನಗೆ ನಿದ್ದೆ ಬಂದುಬಿಟ್ಟಿತು. ಕೊನೆಯಲ್ಲಿ ಬರುವ ಪ್ರವಾಹ, ಆ ಚಿತ್ರದ ಬಗ್ಗೆ ಜನ ಇವತ್ತಿಗೂ ಹೇಳುವ ಪ್ರವಾಹ, ನಾನು ನೋಡಲೇ ಇಲ್ಲ.

ವಾಪಸು ಬರುವಾಗ ಮಾವ ಸೈಕಲ್ ತುಳಿಯುತ್ತ ಅದನ್ನೆಲ್ಲ ಹೇಳಿದ. “ಕೇಳ್ಲಾ ಇಲ್ಲಿ, ನೀನು ಮಲಗಿದ್ದೆ. ಹೊಳೆ ಬಂತು ನೋಡು, ಮೊದಲು ಸದ್ದು ಬಂತು, ಆಮೇಲೆ ನೀರು ಬಂತು. ಹುಲ್ಲಿನ ಮೆದೆ ಮೆದೆಗಳೇ ತೇಲ್ಕೊಂಡು ಹೋಗ್ತಿದ್ವು, ಮೆದೆ ಮೇಲೆ ಕೋಳಿ ನಿಂತಿತ್ತು...” ಕತ್ತಲ ರಸ್ತೆ, ಡೈನಮೋ ಲೈಟು, ಮಾವನ ಬೆನ್ನು. ಆ ಪ್ರವಾಹವನ್ನು ನಾನು ಕಣ್ಣಾರೆ ಕಂಡೆ. ಎಷ್ಟೋ ವರ್ಷದ ಮೇಲೆ ಸಿನಿಮಾವನ್ನು ಪೂರ್ತಿ ನೋಡಿದಾಗ ಮೆದೆಯ ಮೇಲೆ ಕೋಳಿಗಾಗಿ ಹುಡುಕಿದೆ, ಸಿಗಲಿಲ್ಲ. ಆಮೇಲೆ ಅತ್ತೆಯನ್ನು ಕೇಳಿದರೆ ಗೊತ್ತಾಯಿತು: ಮಾವ ಹುಡುಗನಾಗಿದ್ದಾಗ ಹೇಮಾವತಿ ಉಕ್ಕಿ ಊರೊಳಗೆ ನುಗ್ಗಿದ್ದನ್ನು ಕಂಡವನು. ಆ ಕೋಳಿ ಅಲ್ಲಿಯದು. ಪರದೆಯ ಹೊಳೆಗೆ ಮಾವ ತನ್ನ ಹೊಳೆಯನ್ನೂ ಸೇರಿಸಿ ನನಗೆ ಕೊಟ್ಟಿದ್ದ.

ಸಿನಿಮಾ ಬಗ್ಗೆ ನನಗೆ ಗೊತ್ತಿರುವುದೆಲ್ಲ ಆ ಕ್ಯಾರಿಯರ್ ಮೇಲೆ ಕಲಿತದ್ದು ಅಂತಲೇ ಅನ್ನಿಸುತ್ತದೆ. ಪರದೆಯ ಮೇಲೆ ಎರಡೂವರೆ ಗಂಟೆ ನಡೆಯುವುದು ಒಂದು ಭಾಗ. ಲೈಟು ಹಾಕಿದ ಮೇಲೆ, ಚಪ್ಪಲಿ ಹುಡುಕುವಾಗ, ದಾರಿಯಲ್ಲಿ, ಮಾರನೆಯ ದಿನ ಕಟ್ಟೆಯ ಮೇಲೆ ನಡೆಯುವುದು ಇನ್ನೊಂದು ಭಾಗ. ಈ ಎರಡನೆಯದು ಇಲ್ಲದೇ ಹೋದರೆ ಸಿನಿಮಾ ಪೂರ್ತಿ ನೋಡಿದ ಹಾಗಾಗುವುದಿಲ್ಲ.

ಟೆಂಟಿನಲ್ಲಿ ಒಂದು ಅನುಕೂಲ ಇತ್ತು. ಪ್ರೊಜೆಕ್ಟರ್ ಒಂದೇ. ರೀಲು ಬದಲಿಸುವಾಗಲೆಲ್ಲ ಆಟ ನಿಲ್ಲಿಸಿ ಲೈಟು ಹಾಕಬೇಕು. ಒಂದು ಸಿನಿಮಾಕ್ಕೆ ಮೂರು ಇಂಟರ್‌ವಲ್. ಹಾಗೆ ಲೈಟು ಬಂದಾಗಲೆಲ್ಲ ಕಡಲೆಕಾಯಿ, ಸೋಡಾ, ಮತ್ತೆ ಮಾತು. ಮುಂದೇನಾಗಬಹುದು ಅಂತ ಒಬ್ಬ ಹೇಳುವುದು, ಹಾಗಾಗಲ್ಲ ಅಂತ ಇನ್ನೊಬ್ಬ. ಅದೇ ಚಿತ್ರದಲ್ಲಿ ಲೋಕನಾಥ್ ಅವರು ಉಪ್ಪಿನಕಾಯಿ ಚಪ್ಪರಿಸುವ ಪ್ರಸಂಗ ಇದೆಯಲ್ಲ, ಅದಾದ ಮೇಲೆ ಲೈಟು ಬಂದಾಗ ಹೆಂಗಸರ ಕಡೆಯಿಂದ ಕೇಳಿಬಂದ ಮಾತು ನನಗಿನ್ನೂ ನೆನಪಿದೆ. “ಅದು ಮಿಡಿ ಕಣೇ, ಕಡಿಯೋ ಸದ್ದು ಕೇಳ್ಲಿಲ್ವಾ?” “ಅಲ್ಲ, ಹೋಳು.” ಪರದೆಗೆ ರುಚಿ ಇಲ್ಲ, ವಾಸನೆ ಇಲ್ಲ. ಇಡೀ ಟೆಂಟಿನ ಬಾಯಲ್ಲಿ ನೀರು. ಒಬ್ಬ ನಟ ತನ್ನ ನಾಲಗೆ, ತುಟಿ, ಕಣ್ಣುರೆಪ್ಪೆಯಿಂದ ಅಷ್ಟು ಜನರ ನಾಲಗೆ ತಟ್ಟಿದ್ದ. ಮಿಡಿಯೋ ಹೋಳೋ ಅನ್ನುವ ಆ ಜಗಳ ಇದೆಯಲ್ಲ, ನನ್ನ ಮಟ್ಟಿಗೆ ಅದು ಒಳ್ಳೆಯ ಸಿನಿಮಾ ಚರ್ಚೆ. ಯಾಕೆಂದರೆ ಇಬ್ಬರೂ ಗಮನ ಕೊಟ್ಟು ನೋಡಿದ್ದರು, ಕಿವಿಗೊಟ್ಟು ಕೇಳಿದ್ದರು.

ಈಗ ಸಿನಿಮಾ ನೋಡಿ ಬಂದವರನ್ನು ನಾವು ಕೇಳುವುದು ಒಂದೇ ಪ್ರಶ್ನೆ: “ಹೆಂಗಿತ್ತು?” ಉತ್ತರವೂ ತಯಾರಾಗಿರುತ್ತದೆ. ಸೂಪರ್. ಪರವಾಗಿಲ್ಲ. ಫಸ್ಟ್ ಹಾಫ್ ಚೆನ್ನಾಗಿದೆ, ಸೆಕೆಂಡ್ ಹಾಫ್ ಎಳೆದಿದ್ದಾರೆ. ಅಲ್ಲಿಗೆ ಮಾತು ಮುಗಿಯಿತು. ನಮ್ಮ ಚಿತ್ರಸಮಾಜದಲ್ಲಿ ನಾವು ಮೊದಲ ದಿನದಿಂದ ಒಂದು ಪದ್ಧತಿ ಇಟ್ಟುಕೊಂಡು ಬಂದಿದ್ದೇವೆ. ಹೇಗಿತ್ತು ಅಂತ ಕೇಳುವುದಿಲ್ಲ. ಏನು ನೋಡಿದಿರಿ, ಏನು ಕೇಳಿಸಿತು ಅಂತ ಕೇಳುತ್ತೇವೆ. ಇದರಿಂದ ಏನೇನು ಹೊರಗೆ ಬಂತು ಅನ್ನುವುದಕ್ಕೆ ಈ ವರ್ಷದ ಎರಡು ಪ್ರದರ್ಶನಗಳ ಕತೆ ಹೇಳುತ್ತೇನೆ.

ಮೊದಲನೆಯದು ‘ಘಟಶ್ರಾದ್ಧ’. 1977ರ ಚಿತ್ರ, ಅನಂತಮೂರ್ತಿಯವರ ಕತೆ, ಗಿರೀಶ್ ಕಾಸರವಳ್ಳಿ ಅವರ ಮೊದಲ ಕಥಾಚಿತ್ರ. ಕಪ್ಪುಬಿಳುಪು, ಹಾಡಿಲ್ಲ. ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಪಡೆದ ಚಿತ್ರ, ಬಿ.ವಿ. ಕಾರಂತರ ಸಂಗೀತಕ್ಕೂ, ನಾಣಿಯ ಪಾತ್ರ ಮಾಡಿದ ಬಾಲಕ ಅಜಿತ್ ಕುಮಾರ್‌ಗೂ ರಾಷ್ಟ್ರಪ್ರಶಸ್ತಿ ಬಂತು. ಮಲೆನಾಡಿನ ಒಂದು ವೇದಪಾಠಶಾಲೆ. ಅಲ್ಲಿಗೆ ಓದಲು ಬಂದ ಪುಟ್ಟ ನಾಣಿ. ಪಾಠಶಾಲೆ ನಡೆಸುವ ಉಡುಪರ ಮಗಳು ಯಮುನಾ, ಚಿಕ್ಕ ವಯಸ್ಸಿನ ವಿಧವೆ. ಅವಳು ಬಸುರಾಗುತ್ತಾಳೆ. ಊರು ಅವಳನ್ನು ಹೊರಗಿಡುತ್ತದೆ. ಅಪ್ಪನೇ ಬದುಕಿರುವ ಮಗಳಿಗೆ ಶ್ರಾದ್ಧ ಮಾಡಿ ಮಡಕೆ ಒಡೆಯುತ್ತಾನೆ. ಕೊನೆಯಲ್ಲಿ ನಾಣಿಯನ್ನು ಅವನ ತಂದೆ ಮನೆಗೆ ಕರೆದುಕೊಂಡು ಹೋಗುವಾಗ, ತಲೆ ಬೋಳಿಸಿದ ಯಮುನಾ ಮರದ ಕೆಳಗೆ ಕೂತಿರುವುದನ್ನು ಹುಡುಗ ನೋಡುತ್ತಾನೆ.

ಲೈಟು ಹಾಕಿದೆವು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಏನು ನೋಡಿದಿರಿ ಅಂತ ನಾನು ಕೇಳಿದೆ. ಎರಡನೆಯ ಸಾಲಿನಲ್ಲಿ ಕೂತಿದ್ದ, ಎಂಬತ್ತರ ಹತ್ತಿರದ ಒಬ್ಬ ತಾಯಿ ಕುರ್ಚಿಯ ಕೈ ಹಿಡಿದುಕೊಂಡು ಎದ್ದು ನಿಂತರು. “ನಾನು ಅವಳ ತಲೆ ನೋಡಿದೆ” ಅಂದರು. “ನಮ್ಮ ಮನೆಯಲ್ಲಿ ಒಬ್ಬರು ಅತ್ತೆ ಇದ್ದರು, ಮಡಿ. ಕೆಂಪು ಸೀರೆ. ನಾನು ಅವರ ತೊಡೆಯ ಮೇಲೆ ಬೆಳೆದವಳು. ಒಂದು ದಿನವೂ ಅವರ ತಲೆ ನೋಡಿದವಳಲ್ಲ. ತಿಂಗಳಿಗೊಮ್ಮೆ ಹಿತ್ತಿಲ ಬಾಗಿಲಿಂದ ಕ್ಷೌರಿಕ ಬರುತ್ತಿದ್ದ. ಅವತ್ತು ಮಕ್ಕಳನ್ನೆಲ್ಲ ಪಕ್ಕದ ಮನೆಗೆ ಕಳಿಸುತ್ತಿದ್ದರು. ಯಾಕೆ ಕಳಿಸುತ್ತಾರೆ ಅಂತ ನಾವು ಕೇಳಲಿಲ್ಲ, ಹೋಳಿಗೆ ಕೊಡುತ್ತಾರೆ ಅಂತ ಓಡುತ್ತಿದ್ದೆವು. ಇವತ್ತು ನೋಡಿದೆ.” ಅಷ್ಟು ಹೇಳಿ ಕೂತರು. ಅವರ ಪಕ್ಕದಲ್ಲಿ ಮೊಮ್ಮಗಳು ಇದ್ದಳು, ಇಂಜಿನಿಯರಿಂಗ್ ಓದುವ ಹುಡುಗಿ. ಮನೆಯಲ್ಲಿ ಇಂಥ ಒಬ್ಬರು ಇದ್ದರು ಅನ್ನುವುದೇ ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲವಂತೆ.

ಘಟಶ್ರಾದ್ಧದ ಬಗ್ಗೆ ಎಷ್ಟೋ ಒಳ್ಳೆಯ ವಿಮರ್ಶೆಗಳಿವೆ, ಓದಿದ್ದೇನೆ. ಹೋಳಿಗೆಯ ಮಾತು ಯಾವುದರಲ್ಲೂ ಇಲ್ಲ. ಆ ಚಿತ್ರ ಎಲ್ಲವನ್ನೂ ಒಬ್ಬ ಹುಡುಗನ ಕಣ್ಣಿನಿಂದ ತೋರಿಸುತ್ತದೆ. ಹುಡುಗನಿಗೆ ಅರ್ಧ ಅರ್ಥವಾಗುತ್ತದೆ, ಅರ್ಧ ಅರ್ಥವಾಗುವುದಿಲ್ಲ. ಆ ತಾಯಿ ತಾವು ಆ ಹುಡುಗನೇ ಆಗಿದ್ದೆ ಅನ್ನುವುದನ್ನು ಎಪ್ಪತ್ತು ವರ್ಷದ ಮೇಲೆ ಕಂಡುಕೊಂಡರು. ಅವತ್ತು ರಾತ್ರಿ ಮನೆಗೆ ಹೋಗಿ ನಾನು ಚಿತ್ರವನ್ನು ಇನ್ನೊಮ್ಮೆ ಹಾಕಿಕೊಂಡೆ. ಈ ಸಲ ನಾಣಿ ಏನು ನೋಡುತ್ತಾನೆ ಅನ್ನುವುದಕ್ಕಿಂತ ಅವನನ್ನು ಎಲ್ಲಿಂದ ದೂರ ಕಳಿಸುತ್ತಾರೆ ಅನ್ನುವುದನ್ನೇ ನೋಡುತ್ತ ಕೂತೆ. ಹತ್ತು ಸಲ ನೋಡಿದ ಸಿನಿಮಾ ಬೇರೆಯದೇ ಆಗಿ ಕಂಡಿತು.

ಮುಂದಿನ ತಿಂಗಳು ಬೇಕೆಂದೇ ‘ತಿಥಿ’ ಇಟ್ಟುಕೊಂಡೆವು. ಹಳೆಯದೊಂದು, ಹೊಸದೊಂದು, ಒಂದಾದ ಮೇಲೊಂದು ನೋಡಬೇಕು. ಪಕ್ಕ ಪಕ್ಕ ಇಟ್ಟಾಗ ಎರಡೂ ಮಾತಾಡತೊಡಗುತ್ತವೆ. ರಾಮ್ ರೆಡ್ಡಿ ಅವರ ಈ ಚಿತ್ರ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದು 2016ರಲ್ಲಿ ಇಲ್ಲಿ ತೆರೆಗೆ ಬಂತು. ಮಂಡ್ಯದ ಕಡೆಯ ನೊದೆಕೊಪ್ಪಲಿನ ಜನರೇ ನಟಿಸಿದ್ದಾರೆ, ಆ ಊರಿನ ಮಾತೇ ಮಾತು. ನೂರ ಒಂದು ವರ್ಷದ ಸೆಂಚುರಿ ಗೌಡ ಸಾಯುತ್ತಾನೆ. ಹನ್ನೊಂದನೆಯ ದಿನದ ತಿಥಿಗೆ ಊಟ ಹಾಕಬೇಕು, ಕುರಿ ತರಬೇಕು. ಮಗ ಗಡ್ಡಪ್ಪನಿಗೆ ಇದಾವುದೂ ಬೇಕಿಲ್ಲ, ಅವನ ಪಾಡಿಗೆ ಅವನು ನಡೆಯುತ್ತಿರುತ್ತಾನೆ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರುವ ಅವಸರ. ಅದಕ್ಕಾಗಿ ಬದುಕಿರುವ ಅಪ್ಪನ ಹೆಸರಿಗೆ ಮರಣ ಪ್ರಮಾಣಪತ್ರ ಮಾಡಿಸುತ್ತಾನೆ.

ಗಮನಿಸಿದಿರಾ? ಅಲ್ಲಿ ಬದುಕಿರುವ ಮಗಳಿಗೆ ಅಪ್ಪ ಶ್ರಾದ್ಧ ಮಾಡುತ್ತಾನೆ. ಇಲ್ಲಿ ಬದುಕಿರುವ ಅಪ್ಪನನ್ನು ಮಗ ಕಾಗದದ ಮೇಲೆ ಸಾಯಿಸುತ್ತಾನೆ. ಒಂದರಲ್ಲಿ ಮಂತ್ರ, ಇನ್ನೊಂದರಲ್ಲಿ ಮೊಹರು. ನಡುವೆ ಸುಮಾರು ನಲವತ್ತು ವರ್ಷ. ಒಂದನ್ನು ನೋಡಿ ಎದೆ ಕಟ್ಟುತ್ತದೆ, ಇನ್ನೊಂದಕ್ಕೆ ಇಡೀ ಸಭಾಂಗಣ ನಗುತ್ತದೆ. ಎರಡನ್ನೂ ಬೇರೆ ಬೇರೆಯಾಗಿ ನಾನು ಎಷ್ಟೋ ಸಲ ನೋಡಿದ್ದೆ, ಈ ಸಂಬಂಧ ನನಗೆ ಹೊಳೆದಿರಲಿಲ್ಲ. ಹೇಳಿದವರು ಗ್ರಾಮ ಲೆಕ್ಕಿಗರಾಗಿ ನಿವೃತ್ತರಾದ ನಮ್ಮ ಸದಸ್ಯರೊಬ್ಬರು. “ಸಾರ್, ಹೋದ ತಿಂಗಳು ಮಡಕೆ ಒಡೆದರಲ್ಲ, ಇದು ನಮ್ಮ ಇಲಾಖೆಯ ಮಡಕೆ” ಅಂದರು. ಆಮೇಲೆ ಅರ್ಧ ಗಂಟೆ ಪೌತಿ ಖಾತೆಯ, ಅಂದರೆ ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ವಿಚಾರ ಹೇಳಿದರು. ತಾತ ಸತ್ತರೂ, ಅಪ್ಪ ಸತ್ತರೂ ಖಾತೆ ಬದಲಾಗದೆ ಪಹಣಿಯಲ್ಲಿ ಮುತ್ತಾತನ ಹೆಸರೇ ಉಳಿದಿರುವ ಜಮೀನುಗಳು; ಕಚೇರಿಗೆ ಬಂದು “ನಾನು ಬದುಕಿದೀನಿ ಸ್ವಾಮಿ” ಅಂತ ನಿಂತ ಒಬ್ಬ ಮುದುಕ. ನಾವು ನಕ್ಕಿದ್ದ ದೃಶ್ಯ ಅವರ ಕೈಯಲ್ಲಿ ಭಾರವಾಯಿತು.

ಜಗಳವೂ ಆಯಿತು, ಅದನ್ನೂ ಹೇಳಬೇಕು. ಗಡ್ಡಪ್ಪನನ್ನು ಒಬ್ಬ ಹುಡುಗ ಹೊಗಳಿದ: ಯಾವ ಹಂಗೂ ಇಲ್ಲದ ಮನುಷ್ಯ, ಋಷಿ ಇದ್ದ ಹಾಗೆ. ಹೈಸ್ಕೂಲು ಮೇಡಂ ಒಬ್ಬರು ಒಪ್ಪಲಿಲ್ಲ. “ಗಂಡಸು ಮನೆ ಬಿಟ್ಟು ನಡೆದರೆ ಋಷಿ ಅಂತೀರಿ. ಹೆಂಗಸು ಹಾಗೆ ನಡೆಯಲು ಆಗುತ್ತಾ? ಯಮುನಾ ಎಲ್ಲಿ ಕೂತಿದ್ದಳು ನೆನಪು ಮಾಡಿಕೊಳ್ಳಿ” ಅಂದರು. ಹುಡುಗ ಬಿಡಲಿಲ್ಲ. ಗಡ್ಡಪ್ಪ ಕುರಿಗಾಹಿಗಳ ಜೊತೆ ಕೂತು ತನ್ನ ಹಳೆಯ ನೋವು ಹೇಳಿಕೊಳ್ಳುವ ದೃಶ್ಯವನ್ನು ಎತ್ತಿದ: ಸುಮ್ಮನೆ ನಡೆಯುತ್ತಿಲ್ಲ ಮೇಡಂ, ಅವನಿಗೆ ಆ ಮನೆಯಲ್ಲಿ ಇರಲಿಕ್ಕೇ ಆಗದು. ಇಬ್ಬರ ಮಾತೂ ಸರಿ ಅಂತ ನನಗೆ ಅನ್ನಿಸಲಿಲ್ಲ. ಮೇಡಂ ಮಾತೇ ಹೆಚ್ಚು ಸರಿ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಆದರೆ ಆ ಹುಡುಗ ಆ ದೃಶ್ಯವನ್ನು ಎತ್ತಿ ತೋರಿಸದೇ ಇದ್ದಿದ್ದರೆ ನಾನು ಗಡ್ಡಪ್ಪನನ್ನು ನಗೆಯ ಪಾತ್ರ ಅಂತಲೇ ನೆನಪಿಟ್ಟುಕೊಂಡಿರುತ್ತಿದ್ದೆ. ಸಭಾಂಗಣದ ಬೀಗ ಹಾಕುವವರು ಬಂದು ನಿಂತರೂ ಚರ್ಚೆ ನಿಲ್ಲಲಿಲ್ಲ. ಹೊರಗೆ ಚಹಾ ಅಂಗಡಿಯಲ್ಲಿ ಮುಂದುವರಿಯಿತು.

ಇದು ನಾವು ಹೊಸದಾಗಿ ಕಂಡುಹಿಡಿದ ಪದ್ಧತಿ ಏನಲ್ಲ. 1971ರಲ್ಲಿ ಬೆಂಗಳೂರಿನಲ್ಲಿ ಸುಚಿತ್ರಾ ಅನ್ನುವ ಚಿತ್ರಸಮಾಜ ಶುರುವಾಯಿತು. 1973ರಲ್ಲಿ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ನೀನಾಸಂ ಚಿತ್ರಸಮಾಜ ಕಟ್ಟಿದರು. ಅಡಿಕೆ ತೋಟದವರು, ಮೇಷ್ಟ್ರುಗಳು, ಕೂಲಿಯವರು ಕೂತು ಜಪಾನಿನ, ಇಟಲಿಯ, ಬಂಗಾಳದ ಸಿನಿಮಾಗಳನ್ನು ನೋಡಿದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದೂರ್ ಅಂಥವರು ಅಲ್ಲಿಗೆ ಬಂದು ಪಾಠ ಮಾಡಿದರು. ಹಳ್ಳಿಯವರಿಗೆ ಇಂಥ ಸಿನಿಮಾ ಅರ್ಥವಾಗುವುದಿಲ್ಲ ಅನ್ನುವ ಮಾತು ಇದೆಯಲ್ಲ, ಅದು ನನಗೆ ಸಿಟ್ಟು ತರಿಸುತ್ತದೆ. ಬರಗಾಲ, ಸಾಲ, ಅಪ್ಪ ಮಗನ ಮುನಿಸು ಯಾರಿಗೆ ಹೆಚ್ಚು ಗೊತ್ತು? ತೋರಿಸುವವರು ಬೇಕು, ಆಮೇಲೆ ಅವರ ಮಾತು ಕೇಳಿಸಿಕೊಳ್ಳುವವರು ಬೇಕು.

ತೋರಿಸಲು ಚಿತ್ರವೂ ಉಳಿದಿರಬೇಕು. 1934ರಲ್ಲಿ ಬಂದ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ದ ಒಂದು ಪ್ರಿಂಟೂ ಇವತ್ತು ನಮ್ಮ ಬಳಿ ಇಲ್ಲ. ಆ ಕಾಲದ ಫಿಲ್ಮು ಬೇಗ ಬೆಂಕಿ ಹತ್ತುವಂಥದ್ದು. ಉಳಿದದ್ದರಲ್ಲಿ ಎಷ್ಟನ್ನೋ ಅದರೊಳಗಿನ ಬೆಳ್ಳಿಗಾಗಿ ಕರಗಿಸಿದರು. ನಾವು ಆ ಸಿನಿಮಾದ ಬಗ್ಗೆ ಮಾತಾಡಬಹುದು, ನೋಡಲಾರೆವು. ಹಾಗಾಗಿಯೇ 2024ರಲ್ಲಿ ‘ಘಟಶ್ರಾದ್ಧ’ ಪುನರುಜ್ಜೀವನಗೊಂಡು ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಲ್ಪಟ್ಟಿತು ಅಂತ ಓದಿದ ದಿನ ನಾನು ಮನೆಯಲ್ಲಿ ಪಾಯಸ ಮಾಡಿಸಿದೆ.

ಮೊಬೈಲಿನ ವಿಚಾರ ಕೇಳುತ್ತೀರಿ ಅಂತ ಗೊತ್ತು. ನಾನು ಅದರ ವಿರೋಧಿ ಅಲ್ಲ. ಮಗಳು ದೂರದ ಊರಿನಲ್ಲಿದ್ದಾಳೆ. ಭಾನುವಾರ ಇಬ್ಬರೂ ಒಂದೇ ಹೊತ್ತಿಗೆ ಒಂದೇ ಸಿನಿಮಾ ಹಾಕಿಕೊಂಡು, ಮುಗಿದ ಮೇಲೆ ಫೋನಿನಲ್ಲಿ ಮಾತಾಡುತ್ತೇವೆ. ಒಂದೇ ಒಂದು ಕೋರಿಕೆ: ಹತ್ತು ಸೆಕೆಂಡು ಮುಂದಕ್ಕೆ ಹಾರಿಸುವ ಗುಂಡಿ ಇದೆಯಲ್ಲ, ಅದನ್ನು ಮುಟ್ಟಬೇಡಿ. ಗಡ್ಡಪ್ಪ ನಡೆಯುವುದನ್ನು ಹಾರಿಸಿದರೆ ಗಡ್ಡಪ್ಪನೇ ಹೋದ. ನಿರ್ದೇಶಕರು ಅಷ್ಟು ಹೊತ್ತು ನಡೆಸಿದ್ದಾರೆ ಅಂದರೆ ನಮ್ಮನ್ನೂ ಜೊತೆಗೆ ಕರೆದಿದ್ದಾರೆ.

ಇನ್ನು ಹತ್ತು ನಿಮಿಷಕ್ಕೆ ಇವತ್ತಿನ ಚಿತ್ರ ಶುರುವಾಗುತ್ತದೆ. ನನ್ನ ಒತ್ತಾಯಕ್ಕೆ ಕಾರ್ಯದರ್ಶಿಗಳು ‘ಭೂತಯ್ಯನ ಮಗ ಅಯ್ಯು’ ಇಟ್ಟಿದ್ದಾರೆ. ಲೋಕನಾಥ್ ಅವರ ಪ್ರಸಂಗ ಬಂದಾಗ ಕಿವಿಗೊಟ್ಟು ಕೇಳಿ. ಮಿಡಿಯೋ ಹೋಳೋ ಅಂತ ಆಮೇಲೆ ಹೇಳಿ. ಮುಗಿದ ಮೇಲೆ ಹೊರಗೆ ಚಹಾ ಇದೆ, ಯಾರೂ ಹಾಗೇ ಹೋಗಬೇಡಿ. ಮಕ್ಕಳು ಬಹಳ ಜನ ಬಂದಿದ್ದಾರೆ, ಸಂತೋಷ. ಪ್ರವಾಹ ಬರುವ ಹೊತ್ತಿಗೆ ಒಂದೆರಡು ಮಕ್ಕಳಿಗಾದರೂ ನಿದ್ದೆ ಬಂದಿರುತ್ತದೆ. ಎಬ್ಬಿಸಬೇಡಿ. ಮನೆಗೆ ಹೋಗುವಾಗ ದಾರಿಯಲ್ಲಿ ಹೇಳಿ.