ಯಂತ್ರ ಬಾಳುತ್ತದೆ, ಕಂಪ್ಯೂಟರ್ ಹಳೆಯದಾಗುತ್ತದೆ

ಕೇಳುಗರಿಗೆ ನಮಸ್ಕಾರ. ಹಾಸನದ ಇಂಡಸ್ಟ್ರಿಯಲ್ ಏರಿಯಾದಲ್ಲೋ ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲೋ ಕೆಲಸ ಮಾಡುವವರು ರ್ಯಾಕಿಗೆ ಸ್ಕ್ರೂ ಹಾಕಿ ಕೂರಿಸಿದ ಕಂಪ್ಯೂಟರ್ ನೋಡಿರಬಹುದು. ರ್ಯಾಕಿನ ಅಗಲ 19 ಇಂಚು. ಎತ್ತರ ಹೇಳುವುದು 'ಯು' ಲೆಕ್ಕದಲ್ಲಿ. 1 ಯು ಅಂದರೆ ಒಂದೂಮುಕ್ಕಾಲು ಇಂಚು. 4 ಯು ಪೆಟ್ಟಿಗೆಯಾದರೆ ಪೂರ್ತಿ ಎತ್ತರದ ಕಾರ್ಡು, ಅಂದರೆ ಸ್ಲಾಟಿಗೆ ಒತ್ತಿ ಕೂರಿಸುವ ಸರ್ಕ್ಯೂಟ್ ಹಲಗೆ, ಅದರೊಳಗೆ ನೆಟ್ಟಗೆ ನಿಲ್ಲುತ್ತದೆ.

ಈ ಪೆಟ್ಟಿಗೆಯೊಳಗೆ ಇರಬಹುದಾದ ಒಂದು ಹಲಗೆಯ ಬಗ್ಗೆ ಇವತ್ತು ಮಾತಾಡೋಣ. ಅದರ ಹೆಸರು ಬ್ಯಾಕ್‌ಪ್ಲೇನ್.

ಮನೆಯ ಕಂಪ್ಯೂಟರಿನಲ್ಲಿ ಪ್ರೊಸೆಸರ್, ಮೆಮೊರಿ, ಕಾರ್ಡಿನ ಸ್ಲಾಟು ಎಲ್ಲವೂ ಮದರ್‌ಬೋರ್ಡಿನ ಮೇಲೇ ಇರುತ್ತವೆ. ಪ್ಯಾಸಿವ್ ಬ್ಯಾಕ್‌ಪ್ಲೇನಿನಲ್ಲಿ ಹಾಗಲ್ಲ. ಹೆಚ್ಚುಕಡಿಮೆ ಬರೀ ಸ್ಲಾಟುಗಳು, ಅವುಗಳ ನಡುವಿನ ತಾಮ್ರದ ಗೆರೆಗಳು, ಅಷ್ಟೆ. ಪ್ರೊಸೆಸರ್ ಕೂಡ ಒಂದು ಕಾರ್ಡಾಗಿ ಬಂದು ಸ್ಲಾಟಿನಲ್ಲಿ ಕೂರುತ್ತದೆ.

ಯಾಕೆ ಈ ಏರ್ಪಾಟು? ಯಂತ್ರ ಇಪ್ಪತ್ತು ವರ್ಷ ದುಡಿಯಬಹುದು. ಅದಕ್ಕೆ ಕೂಡುವ ಮದರ್‌ಬೋರ್ಡು ಕೆಲವೇ ವರ್ಷಕ್ಕೆ ಅಂಗಡಿಯಿಂದ ಮಾಯ. ಸೀಸನ್ ಹೊತ್ತಿನಲ್ಲಿ, ಕಾಫಿ ಚೆರಿ ಮೂಟೆ ಗೋಡೌನಿನಲ್ಲಿ ಪೇರಿಸಿರುವಾಗ ಬೋರ್ಡು ಹೋಯಿತು ಅಂದುಕೊಳ್ಳಿ. ಮಾಮೂಲಿ ಕಂಪ್ಯೂಟರಾದರೆ ಎಲ್ಲ ಕಾರ್ಡು ಕಿತ್ತು, ವೈರು ಬಿಚ್ಚಿ, ಮತ್ತೆ ಜೋಡಿಸಬೇಕು. ಇಲ್ಲಿ ಪ್ರೊಸೆಸರ್ ಕಾರ್ಡೊಂದನ್ನೇ ಎಳೆದು ಬೇರೆಯದನ್ನು ಒತ್ತಿದರಾಯಿತು. ಉಳಿದವು ಕೂತಲ್ಲೇ ಇರುತ್ತವೆ. ಬಿಲ್ಲು ಬರೆಯುವ ಆಫೀಸ್ ಕೆಲಸಕ್ಕೆ ಮಾತ್ರ ಇದು ಬೇಡ. ಸುಮ್ನೆ ದುಡ್ಡು ದಂಡ.

ಕೊಳ್ಳುವಾಗ ಜನ ಸ್ಲಾಟು ಎಣಿಸುತ್ತಾರೆ. ಹದಿನಾಲ್ಕಿದೆ, ಸಾಕು ಅನ್ನುತ್ತಾರೆ. ಆದರೆ ಆ ಸ್ಲಾಟುಗಳು ಪ್ರೊಸೆಸರಿಗೆ ಯಾವ ದಾರಿಯಲ್ಲಿ ಸೇರುತ್ತವೆ ಅನ್ನುವುದು ಮುಖ್ಯ ಅಲ್ವಾ? ಇಂಥ ದಾರಿಯ ಒಂದು ಬಗೆ 1992ರಲ್ಲಿ ಬಂದ ಪಿಸಿಐ. ಅದು ಶಿರಾಡಿ ಘಾಟಿಯ ರಸ್ತೆಯ ಹಾಗೆ, ಎಲ್ಲರಿಗೂ ಒಂದೇ. ಹೀಗೆ ಹಂಚಿಕೊಳ್ಳುವ ದಾರಿಗೆ 'ಬಸ್ಸು' ಅನ್ನುತ್ತಾರೆ. ಸೆಕೆಂಡಿಗೆ 133 ಮೆಗಾಬೈಟನ್ನು ಎಲ್ಲ ಕಾರ್ಡುಗಳೂ ಹಂಚಿಕೊಳ್ಳಬೇಕು. 66 ಮೆಗಾಹರ್ಟ್ಸ್ ವೇಗದ ಕಾರ್ಡಿನ ಪಕ್ಕ 33ರದ್ದು ಕೂತರೆ ಇಡೀ ಬಸ್ಸು 33ಕ್ಕೇ ಇಳಿಯುತ್ತದೆ. ಒಂದು ಬಸ್ಸಿಗೆ ಸುಮಾರು ನಾಲ್ಕು ಸ್ಲಾಟು ದಾಟಿದರೆ ಸಿಗ್ನಲ್ ಸೊರಗುತ್ತದೆ. ಅದಕ್ಕೇ ದೊಡ್ಡ ಬ್ಯಾಕ್‌ಪ್ಲೇನಿನಲ್ಲಿ ನಡುನಡುವೆ ಒಂದು ಬಸ್ಸನ್ನು ಇನ್ನೊಂದಕ್ಕೆ ಸೇರಿಸುವ ಬ್ರಿಡ್ಜ್ ಚಿಪ್ ಇಡುತ್ತಾರೆ.

ಆಮೇಲೆ ಬಂದ ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಪ್ರತಿ ಸ್ಲಾಟಿಗೂ ತನ್ನದೇ ಲೇನು, ಅಂದರೆ ಸ್ವಂತ ದಾರಿ. ಆದರೆ ಲೇನುಗಳೂ ಅಕ್ಷಯವಲ್ಲ. ಪಿಕ್‌ಎಂಜಿ ಅನ್ನುವುದು ಇಂಥ ಕೈಗಾರಿಕಾ ಕಂಪ್ಯೂಟರುಗಳಿಗೆ ನಿಯಮ ರೂಪಿಸುವ ಕಂಪನಿಗಳ ಒಕ್ಕೂಟ. ಅದರ 2005ರ ಪಿಕ್‌ಎಂಜಿ 1.3 ನಿಯಮದ ಪ್ರಕಾರ ಪ್ರೊಸೆಸರ್ ಕಾರ್ಡಿನಿಂದ ಬ್ಯಾಕ್‌ಪ್ಲೇನಿಗೆ ಇಳಿಯುವ ಮುಖ್ಯ ಲೇನುಗಳು 20. ಜಾಸ್ತಿ ಸ್ಲಾಟು ಬೇಕಿದ್ದರೆ ಸ್ವಿಚ್ ಚಿಪ್ ಹಾಕಿ ಹಂಚುತ್ತಾರೆ. ಸ್ಲಾಟು ಉದ್ದವಾಗಿ 16 ಲೇನಿನದ್ದರಂತೆ ಕಂಡರೂ ಒಳಗೆ ನಾಲ್ಕೇ ಲೇನು ಇರಬಹುದು. ಕ್ಯಾಮೆರಾ ಕಾರ್ಡು ಹಾಕುವವರು ಇದನ್ನು ಕೇಳಿಯೇ ಕೊಳ್ಳಿ. 1994ರ ಪಿಕ್‌ಎಂಜಿ 1.0 ಹಲಗೆಗೆ 1.3ರ ಕಾರ್ಡು ಕೂರುವುದಿಲ್ಲ. ಕನೆಕ್ಟರೇ ಬೇರೆ.

ನಮ್ಮ ಮಲೆನಾಡಿಗೆ ಇನ್ನೊಂದು ಮಾತು. ಕಾಫಿ ಹೊಟ್ಟಿನ ಧೂಳು ಹಗುರ, ಎಲ್ಲೆಲ್ಲಿಗೂ ಹೋಗುತ್ತದೆ. ಮುಂದುಗಡೆ ಫಿಲ್ಟರ್ ಹಾಕಿ, ಫ್ಯಾನು ಗಾಳಿಯನ್ನು ಒಳಕ್ಕೆ ತಳ್ಳುವ ಪೆಟ್ಟಿಗೆ ಒಳ್ಳೆಯದು. ಒಳಗೆ ಒತ್ತಡ ತುಸು ಹೆಚ್ಚಿದ್ದರೆ ಸಂದಿಗಳಿಂದ ಧೂಳು ನುಗ್ಗುವುದಿಲ್ಲ. ಫಿಲ್ಟರ್ ತೊಳೆಯದಿದ್ದರೆ ಇದೆಲ್ಲ ವ್ಯರ್ಥ. ಕಾಫಿ ಸಿಪ್ಪೆ ಬಿಡಿಸುವ ಹಲ್ಲರ್ ಯಂತ್ರ ಪಕ್ಕದಲ್ಲಿದ್ದರೆ ಅದುರಾಟಕ್ಕೆ ಕಾರ್ಡುಗಳು ಮೆಲ್ಲಗೆ ಮೇಲೇಳುತ್ತವೆ. ಮೇಲಿಂದ ಅಡ್ಡಪಟ್ಟಿ ಬಿಗಿದು ಅವುಗಳನ್ನು ಹಿಡಿದಿಡಬೇಕು.

ಪಿಸಿಐಗಿಂತಲೂ ಹಳೆಯ ಐಎಸ್‌ಎ ಬಗೆಯ ಕಾರ್ಡು ಇಟ್ಟುಕೊಂಡಿರುವವರು ಪವರ್ ಸಪ್ಲೈ ಬದಲಿಸುವ ಮೊದಲು ಒಂದು ವಿಷಯ ನೋಡಿಕೊಳ್ಳಿ. ಕೆಲವು ಕಾರ್ಡುಗಳಿಗೆ ಮೈನಸ್ 5 ವೋಲ್ಟ್ ಬೇಕು. ಈಗಿನ ಮಾಮೂಲಿ ಎಟಿಎಕ್ಸ್ ಸಪ್ಲೈನಲ್ಲಿ ಅದು ಬರುವುದಿಲ್ಲ. ಕಂಪ್ಯೂಟರ್ ಏನೋ ಆನ್ ಆಗುತ್ತದೆ, ಕಾರ್ಡು ಮಾತ್ರ ಕೆಲಸ ಮಾಡುವುದಿಲ್ಲ. ನೀವು ಕಾರ್ಡೇ ಕೆಟ್ಟಿದೆ ಅಂದುಕೊಂಡು ಎಸೆದುಬಿಡಬೇಡಿ.