ಕಣ್ಣು ಮುಚ್ಚಿ ಕೇಳಬೇಕಾದ ಚಿತ್ರ

ಶ್ರೋತೃಗಳಿಗೆ ನಮಸ್ಕಾರ. ದೂರದರ್ಶನದಲ್ಲಿ ಬಂದ ಚಿತ್ರವೊಂದರ ಬಗ್ಗೆ ಬಾನುಲಿಯಲ್ಲಿ ಮಾತನಾಡಬೇಕೆಂದು ಚಿತ್ರದುರ್ಗದ ಈ ನಿಲಯದವರು ಕೇಳಿದಾಗ ನನಗೆ ಮೊದಲು ನಗು ಬಂದಿತ್ತು. ದಾವಣಗೆರೆಯಿಂದ ಬಸ್ಸಿನಲ್ಲಿ ಬರುವಷ್ಟರಲ್ಲಿ, ಆ ಮಾತಿಗೆ ಇದಕ್ಕಿಂತ ತಕ್ಕ ಜಾಗ ಇನ್ನೊಂದಿಲ್ಲ ಎನಿಸಿತು. ಏಕೆಂದರೆ ‘ಮಿಲೇ ಸುರ್ ಮೇರಾ ತುಮ್ಹಾರಾ’, ಅಂದರೆ ‘ನನ್ನ ನಿಮ್ಮ ಸ್ವರ ಕೂಡಲಿ’ ಎಂದು ದೇಶದ ಒಗ್ಗಟ್ಟನ್ನು ಸಾರುವ ಆ ಆರು ನಿಮಿಷದ ಹಾಡುಚಿತ್ರವನ್ನು ಇಷ್ಟು ವರ್ಷ ಉಳಿಸಿಕೊಂಡು ಬಂದಿರುವುದು ನಮ್ಮ ಕಿವಿ. ಸಂಗೀತ ಪಾಠ ಹೇಳುತ್ತಲೇ ತಲೆ ಹಣ್ಣಾಗಿಸಿಕೊಂಡಿರುವ ನಾನು ಇಂದು ಹೇಳಬೇಕೆಂದಿರುವುದು ಇದೊಂದೇ, ಬೇಸರಿಸದೆ ಕೇಳಬೇಕು.

ಅದು ಮೊದಲ ಬಾರಿಗೆ ಪ್ರಸಾರವಾದದ್ದು 1988ರ ಆಗಸ್ಟ್ 15ರಂದು, ಕೆಂಪುಕೋಟೆಯಿಂದ ಪ್ರಧಾನಮಂತ್ರಿಗಳ ಭಾಷಣ ಮುಗಿದ ಮೇಲೆ. ಯೋಜನೆ ಸುರೇಶ್ ಮಲ್ಲಿಕ್ ಅವರದು, ಚಿತ್ರೀಕರಿಸಿದವರು ಕೈಲಾಶ್ ಸುರೇಂದ್ರನಾಥ್, ಸಾಹಿತ್ಯ ಜಾಹೀರಾತು ಲೋಕದ ಪೀಯೂಷ್ ಪಾಂಡೆ ಅವರದು. ಸಂಗೀತಕ್ಕೆ ದುಡಿದವರಲ್ಲಿ ಅಶೋಕ್ ಪತ್ಕಿ ಮತ್ತು ಲೂಯಿಸ್ ಬ್ಯಾಂಕ್ಸ್ ಅವರ ಹೆಸರುಗಳು ಮುಖ್ಯವಾದವು. ಭಾಷೆಗಳು ಹದಿನಾಲ್ಕು, ಅವುಗಳಲ್ಲಿ ನಮ್ಮ ಕನ್ನಡವೂ ಒಂದು. ಹಾಡಿನ ಬಾಗಿಲು ತೆರೆಯುವವರು ನಮ್ಮ ನೆರೆಯ ಗದಗ ಸೀಮೆಯ ರೋಣದಲ್ಲಿ ಹುಟ್ಟಿ, ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತ ಪಂಡಿತ ಭೀಮಸೇನ ಜೋಶಿಯವರು. ಕೊಡೈಕನಾಲಿನ ಜಲಪಾತದ ಎದುರು ಅವರು ಎತ್ತಿದ ದನಿಯನ್ನು ಕೊನೆಗೆ ಲತಾ ಮಂಗೇಶ್ಕರ್ ಅವರು ಇಳಿಸಿಕೊಳ್ಳುತ್ತಾರೆ. ಇಷ್ಟು ವಿವರ ಸಾಕು; ಇನ್ನು ನನ್ನ ಮಾತಿಗೆ ಬರುತ್ತೇನೆ.

ಆ ವರ್ಷ ನಾನು ದಾವಣಗೆರೆಯಲ್ಲಿ ಗಿರಣಿ ಕಾರ್ಮಿಕರ ಮನೆಗಳಿದ್ದ ಓಣಿಯೊಂದರಲ್ಲಿ ಬಾಡಿಗೆಗಿದ್ದೆ. ದಾವಣಗೆರೆ ಆಗಿನ್ನೂ ಚಿತ್ರದುರ್ಗ ಜಿಲ್ಲೆಗೇ ಸೇರಿತ್ತು. ಇಡೀ ಓಣಿಗೆ ಇದ್ದದ್ದು ಒಂದೇ ಟಿವಿ, ಕಪ್ಪು-ಬಿಳುಪಿನದು, ಬೀರುವಿನಂತೆ ಬಾಗಿಲೆಳೆದು ಮುಚ್ಚುವಂಥದ್ದು. ಒಂದು ಭಾನುವಾರ ಬೆಳಿಗ್ಗೆ ಧಾರಾವಾಹಿ ನೋಡಲೆಂದು ಇಪ್ಪತ್ತು-ಇಪ್ಪತ್ತೈದು ಮಂದಿ ಆ ಮನೆಯ ಪಡಸಾಲೆಯಲ್ಲಿ ಕಿಕ್ಕಿರಿದು ಕುಳಿತಿದ್ದಾಗ, ಅದಕ್ಕೂ ಮುಂಚೆ ಈ ಹಾಡು ಬಂದಿತು. ಭೀಮಸೇನರ ಮುಖ ಮೂಡಿತೋ ಇಲ್ಲವೋ ಅನ್ನುವಷ್ಟರಲ್ಲಿ ಹೊರಗಿನ ಮಳೆಗಾಳಿಗೆ ಹಂಚಿನ ಮೇಲಿದ್ದ ಆಂಟೆನಾ ತಿರುಗಿಕೊಂಡು, ಪರದೆಯ ತುಂಬ ಮಂಡಕ್ಕಿ ಚೆಲ್ಲಿದಂತೆ ಬಿಳಿ ಚುಕ್ಕೆಗಳು ತುಂಬಿಕೊಂಡವು. ಮನೆಯ ಹುಡುಗ ಅಭ್ಯಾಸಬಲದಿಂದ ಏಣಿ ಹತ್ತಿ ಮಾಡಿನ ಮೇಲೆ ಹೋದ. ಚಿತ್ರ ಹೋಗಿತ್ತು, ಆದರೆ ದನಿಗೆ ಏನೂ ಆಗಿರಲಿಲ್ಲ.

ಒಳಗೆ ಆ ಮನೆಯ ಅಜ್ಜಿ ರೊಟ್ಟಿ ಬಡಿಯುತ್ತಿದ್ದರು. ಅವರ ತವರು ಗದಗದ ಕಡೆಯದು. ಟಿವಿಯ ಮುಂದೆ ಕುಳಿತವರೇ ಅಲ್ಲ. ದನಿ ಕಿವಿಗೆ ಬಿದ್ದೊಡನೆ ಅಲ್ಲಿಂದಲೇ, “ಯಾಕೋ, ಇವರು ದಾಸರ ಪದ ಹಾಡೋ ಜೋಶಿಯವರಲ್ಲೇನು?” ಎಂದು ಕೇಳಿದರು. ಯಾರೂ ಉತ್ತರಿಸಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅದೇ ಮಟ್ಟಿನ ಮೇಲೆ ಕನ್ನಡದ ಮಾತು ಬಂದಾಗ ರೊಟ್ಟಿ ಬಡಿಯುವ ಸದ್ದು ನಿಂತುಹೋಯಿತು. ಅತ್ತ ಮಾಡಿನ ಮೇಲಿದ್ದ ಹುಡುಗ ಮಳೆಯಲ್ಲಿ ನೆನೆಯುತ್ತ ಆಂಟೆನಾವನ್ನು ಆ ಕಡೆ ಈ ಕಡೆ ತಿರುಗಿಸಿ, “ಬಂತಾ? ಬಂತೇನ್ರೋ?” ಎಂದು ಕೂಗುತ್ತಲೇ ಇದ್ದ. ಕೆಳಗಿದ್ದವರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಚಿತ್ರ ಬಂದಿಲ್ಲವೆಂದು ಹೇಳಲೂ ಯಾರಿಗೂ ಬಿಡುವಿರಲಿಲ್ಲ! ಹಾಡು ಮುಗಿದ ಮೇಲೆ ತೊಯ್ದು ತೊಪ್ಪೆಯಾಗಿ ಇಳಿದುಬಂದ ಅವನು ಇಡೀ ಓಣಿಯನ್ನು ಬೈದದ್ದು ನನಗೆ ಇಂದಿಗೂ ನೆನಪಿದೆ. ಅಜ್ಜಿ ಅವನ ತಲೆ ಒರೆಸುತ್ತ, “ಚಿತ್ರ ತಗೊಂಡು ಏನು ಮಾಡ್ತಿ, ಹಾಡು ಬಂದಿತ್ತಲ್ಲ” ಎಂದರು. ನಾನು ಇಷ್ಟು ವರ್ಷಗಳಲ್ಲಿ ಆ ಹಾಡಿನ ಬಗ್ಗೆ ಕೇಳಿದ ಅತ್ಯುತ್ತಮ ವಿಮರ್ಶೆ ಅದು.

ಒಳಗಿನ ಗುಟ್ಟು ಹೇಳುತ್ತೇನೆ. ಆ ಹಾಡಿಗೆ ಆಧಾರ ಭೈರವಿ ರಾಗ. ರಿಷಭ, ಗಾಂಧಾರ, ಧೈವತ, ನಿಷಾದ ಈ ನಾಲ್ಕೂ ಸ್ವರಗಳು ಅದರಲ್ಲಿ ಕೋಮಲ, ಅಂದರೆ ತುಸು ತಗ್ಗಿಸಿ ಹಾಡುವಂಥವು. ಕರ್ನಾಟಕ ಸಂಗೀತ ಕಲಿತವರಿಗೆ ಸಿಂಧುಭೈರವಿ ಅದರ ಹತ್ತಿರದ ನೆಂಟ. ಹಿಂದೂಸ್ತಾನಿ ಕಛೇರಿಯನ್ನು ಭೈರವಿಯಲ್ಲಿ ಮುಗಿಸುವುದು ಸಂಪ್ರದಾಯ. ಇಲ್ಲಿ ಮುಗಿಸುವ ರಾಗದಿಂದಲೇ ಹಾಡು ಶುರುವಾಗುತ್ತದೆ. ನಮ್ಮ ಭಾಗದ ಭಜನೆಯ ಮನೆಗಳಲ್ಲಿ, ಕಂಪನಿ ನಾಟಕದ ಡೇರೆಗಳಲ್ಲಿ ಈ ಸ್ವರಗಳು ಎಷ್ಟು ಓಡಾಡಿವೆಯೆಂದರೆ, ರಾಗದ ಹೆಸರೇ ಗೊತ್ತಿಲ್ಲದ ಗಿರಣಿ ಕೆಲಸಗಾರನಿಗೂ ಅದು ಮನೆಯದೇ ದನಿಯಾಗಿ ಕೇಳುತ್ತಿತ್ತು. ಆ ಒಂದೇ ಮಟ್ಟು ಕಾಶ್ಮೀರಿಗೆ, ಪಂಜಾಬಿಗೆ, ಮಲಯಾಳಕ್ಕೆ, ಬಂಗಾಳಿಗೆ ಹೋಗುತ್ತದೆ. ಮಾತು ಬದಲಾಗುತ್ತದೆ, ವಾದ್ಯ ಬದಲಾಗುತ್ತದೆ, ಬಾಲಮುರಳಿಕೃಷ್ಣರು ಹಾಡುವಾಗ ಗಮಕದ, ಅಂದರೆ ಸ್ವರವನ್ನು ತೂಗಿಸುವ ಬಗೆಯ, ಬಾಗು-ಬಳುಕೂ ಬದಲಾಗುತ್ತದೆ, ಆದರೆ ಮಟ್ಟು ತನ್ನ ಜಾಗ ಬಿಟ್ಟು ಕದಲುವುದಿಲ್ಲ. ಭಾಷೆ ತಿಳಿಯದಿದ್ದರೂ ಅರ್ಥ ತಪ್ಪುವುದಿಲ್ಲ, ಏಕೆಂದರೆ ಅರ್ಥವನ್ನು ಮೊದಲ ಸಾಲಿನಲ್ಲಿಯೇ ನಿಮ್ಮ ಕಿವಿಗೆ ಕೊಟ್ಟಾಗಿದೆ.

ಗಾಜಿನ ಆಚೆಯಿಂದ ನಿಲಯದ ತಾಂತ್ರಿಕರು ಕೈಬೆರಳು ತೋರಿಸುತ್ತಿದ್ದಾರೆ. ಅಜ್ಜಿಯ ಕಥೆಗೇ ನನ್ನ ಹೊತ್ತೆಲ್ಲ ಹೋಯಿತು. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಇಂದು ಈ ಹಾಡಿನ ಮಾತು ಬಂದರೆ ಸಾಕು, ಅಮಿತಾಭ್ ಬಚ್ಚನ್ ಎಷ್ಟನೇ ನಿಮಿಷದಲ್ಲಿ ಬರುತ್ತಾರೆ, ಕಮಲ್ ಹಾಸನ್ ಅವರ ಪಕ್ಕದಲ್ಲಿರುವವರು ಯಾರು, ಪ್ರಕಾಶ್ ಪಡುಕೋಣೆ ಎಲ್ಲಿ ಕಾಣುತ್ತಾರೆ ಎಂದು ಮೊಬೈಲು ಹಿಡಿದು ಎಣಿಸುವವರೇ ಹೆಚ್ಚು. ದಯವಿಟ್ಟು ತಪ್ಪು ತಿಳಿಯಬಾರದು, ಅದೂ ಒಂದು ಸಂತೋಷವೇ, ಆದರೆ ಮದುವೆಗೆ ಹೋಗಿ ಊಟ ಬಿಟ್ಟು, ಬಂದವರ ಲೆಕ್ಕ ಬರೆದುಕೊಂಡ ಹಾಗೆ. 2010ರ ಜನವರಿ 26ರಂದು ಇದರ ಹೊಸ ರೂಪವೊಂದು ಬಂದಿತು. ಹದಿನಾರು ನಿಮಿಷದಷ್ಟು ಉದ್ದ, ತಾರೆಯರು ತುಂಬ. ಬಂದದ್ದೂ ಗೊತ್ತಾಯಿತು, ಹೋದದ್ದೂ ಗೊತ್ತಾಯಿತು. ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬರಿಗೂ ಅದರ ಒಂದು ಸಾಲನ್ನು ಗುನುಗಲು ಬರುವುದಿಲ್ಲ. ಮುಖಗಳಿಗೆ ಜಾಗ ಮಾಡಿಕೊಡುವ ಭರದಲ್ಲಿ ಮಟ್ಟನ್ನು ಎಳೆದೆಳೆದು ತೆಳ್ಳಗೆ ಮಾಡಿದರು. 1988ರ ಹಾಡನ್ನಾದರೋ, ಆಗ ಹುಟ್ಟಿರದಿದ್ದ ಮಕ್ಕಳೂ ಮೊದಲ ಸಾಲು ಕೇಳಿದರೆ ಎರಡನೆಯದನ್ನು ತಾವೇ ಎತ್ತಿಕೊಳ್ಳುತ್ತಾರೆ. ಪಾಠದ ಮನೆಯಲ್ಲಿ ಭೈರವಿಯ ಆರೋಹಣ-ಅವರೋಹಣ ಹೇಳಿಕೊಡುವ ಮೊದಲು ನಾನು ಇದನ್ನೇ ಹಾಡಿಸುತ್ತೇನೆ, ಕಣ್ಣು ಮುಚ್ಚಿಸಿ.

ಹಾಡಿನ ತುದಿಯಲ್ಲಿ ರಾಷ್ಟ್ರಗೀತೆಯ ಕೊನೆಯ ಸಾಲಿನ ಮಟ್ಟು ಬಂದು ಸೇರುವ ಜಾಗವೊಂದಿದೆ. ಲತಾ ಅವರ ಸೀರೆಯ ಸೆರಗನ್ನು ನೋಡುತ್ತ ಕುಳಿತವರು ಆ ಜಾಗವನ್ನು ತಪ್ಪಿಸಿಕೊಳ್ಳುತ್ತಾರೆ. ಈಗ ನಿಲಯದವರು ನನ್ನ ಕೋರಿಕೆಯ ಮೇಲೆ ಆ ಹಾಡನ್ನು ಹಾಕುತ್ತಿದ್ದಾರೆ. ರೇಡಿಯೋದ ದನಿಯನ್ನು ಸ್ವಲ್ಪ ಏರಿಸಿಕೊಳ್ಳಿ, ಒಲೆಯ ಮುಂದಿದ್ದವರು ಒಲೆಯ ಮುಂದೆಯೇ ಇರಿ. ಮಾಡಿನ ಮೇಲೆ ಯಾರೂ ಹತ್ತಬೇಕಾಗಿಲ್ಲ.